ಬೆನ್ನು ಬರೆದ ವರ್ಷ

ಮೊದಲ ಚುಕ್ಕೆಯನ್ನು ನಾನು ಪೋಸ್ಟರ್ ಬಣ್ಣವೆಂದು ತಿಳಿದು ಒರೆಸಿದೆ.

ಬಲಗೈಯ ತೋರುಬೆರಳಿನ ಗೆಣ್ಣಿನ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ. ಆ ದಿನ ಒಂಬತ್ತನೇ ತರಗತಿಯ ಮಕ್ಕಳಿಗೆ ಮೋಡ ಬರೆಯುವುದನ್ನು ಕಲಿಸಿದ್ದೆ. ಶಾಲೆಯ ನಲ್ಲಿಯ ಕೆಳಗೆ ಉಜ್ಜಿದೆ. ಸಾಬೂನು ಹಾಕಿ ಉಜ್ಜಿದೆ. ಟರ್ಪಂಟೈನ್ ಅದ್ದಿದ ಬಟ್ಟೆಯಿಂದಲೂ ಉಜ್ಜಿದೆ. ಸುತ್ತಲಿನ ಚರ್ಮ ಕೆಂಪಾಯಿತು. ಚುಕ್ಕೆ ಬಿಳಿಯಾಗಿಯೇ ಉಳಿಯಿತು.

ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ. ಮನೆ ಸದಾಶಿವಗಡದಲ್ಲಿ. ಬೆಳಿಗ್ಗೆ ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಬಂದು, ಬಸ್ಸು ಬದಲಿಸಿ, ಅರ್ಗಾದ ನೌಕಾನೆಲೆಯ ಉದ್ದನೆಯ ಗೋಡೆಯನ್ನು ದಾಟಿ ಶಾಲೆ ತಲುಪಬೇಕು. ಹದಿನೈದು ವರ್ಷ ಆ ದಾರಿಯಲ್ಲಿ ಕಿಟಕಿಯ ಹೊರಗೆ ನೋಡುತ್ತ ಹೋದವಳು ಈಗ ಮಡಿಲಲ್ಲಿಟ್ಟ ಕೈಯನ್ನು ನೋಡುತ್ತ ಹೋಗತೊಡಗಿದೆ. ಟಿಕೆಟ್ ತೆಗೆದುಕೊಳ್ಳುವಾಗ ಎಡಗೈ ಚಾಚುತ್ತಿದ್ದೆ. ಕಂಡಕ್ಟರ್ ಒಮ್ಮೆ, "ಎಂತಾ ಅಕ್ಕೋರೇ, ಕೈ ನೋವಾ?" ಎಂದು ಕೇಳಿದ. ಹೌದು ಎಂದೆ.

ಮೂರು ವಾರಕ್ಕೆ ಎರಡನೆಯದು ಬಂತು. ತುಟಿಯ ಮೂಲೆಯಲ್ಲಿ.

ಅದನ್ನು ಮೊದಲು ಕಂಡದ್ದು ನನ್ನ ಅತ್ತೆ. ಮನೆಯಲ್ಲಿ ಎಲ್ಲರೂ ಅವರನ್ನು ಆಯಿ ಎಂದೇ ಕರೆಯುತ್ತೇವೆ. ಕಾರವಾರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾರೆ. ದೂರದಿಂದಲೇ ಇಶ್ವಾಣ ಮೀನು ಇವತ್ತಿನದೋ ನಿನ್ನೆಯದೋ ಎಂದು ಹೇಳಬಲ್ಲ ಕಣ್ಣು ಅವರದು.

"ಎಂತದೇ ಅದು ಬಾಯಿ ಹತ್ರ? ಸುಣ್ಣ ತಾಗಿದ್ಯಾ?"

ನಾನು ಸೆರಗಿನಿಂದ ಒರೆಸಿದಂತೆ ಮಾಡಿದೆ. ಆಯಿ ಹತ್ತಿರ ಬಂದು ನೋಡಿದರು. ಮುಟ್ಟಲಿಲ್ಲ. "ಡಾಕ್ಟರ್ ಹತ್ರ ಹೋಗು ಸ್ಮಿತಾ. ನಾಳೇನೇ ಹೋಗು," ಎಂದರು. ದನಿ ಸಣ್ಣದಾಗಿತ್ತು.

ಕಾರವಾರದ ಚರ್ಮವೈದ್ಯರು ಕೋಣೆಯ ದೀಪ ಆರಿಸಿ, ಒಂದು ನೇರಳೆ ಬೆಳಕಿನ ಲ್ಯಾಂಪನ್ನು ನನ್ನ ಕೈಯ ಮೇಲೆ ಹಿಡಿದರು. ನನಗೆ ಕಾಣದಿದ್ದ ಚುಕ್ಕೆಗಳೂ ಹೊಳೆದವು. ಮಣಿಕಟ್ಟಿನಲ್ಲಿ. ಮೊಣಕೈಯಲ್ಲಿ. ರೆಪ್ಪೆಯ ಅಂಚಿನಲ್ಲಿ. ಸೊಂಟದ ಸುತ್ತ ಲಂಗದ ಲಾಡಿ ಕಟ್ಟುವಲ್ಲಿ ಒಂದು ಗೆರೆಯೇ ಇತ್ತು.

"ವಿಟಿಲೈಗೊ," ಎಂದರು. ಮತ್ತೆ ಕನ್ನಡದಲ್ಲಿ ಹೇಳಿದರು.

ತೊನ್ನು.

ಅವರೇ ಹೇಳುತ್ತ ಹೋದರು. ಹರಡುವ ರೋಗವಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹವೇ ತಪ್ಪು ತಿಳಿದು ಹೊಡೆಯುತ್ತದೆ. ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಲಾಮು ಹಚ್ಚಿ. ವಾರಕ್ಕೆ ಎರಡು ಸಲ ಫೋಟೊಥೆರಪಿ, ಅಂದರೆ ಬೆಳಕಿನ ಚಿಕಿತ್ಸೆ. ಮುಖದ್ದು ಗುಣವಾಗುವ ಸಾಧ್ಯತೆ ಹೆಚ್ಚು, ಬೆರಳಿನದು ಹಟಮಾರಿ. "ಚರ್ಮ ಉಜ್ಜಬೇಡಿ ಮೇಡಂ. ಗಾಯವಾದಲ್ಲಿ, ಬಿಗಿಯಾಗಿ ತಿಕ್ಕಿದಲ್ಲಿ ಹೊಸದು ಬರ್ತದೆ. ಲಾಡಿಯನ್ನೂ ಸಡಿಲ ಕಟ್ಟಿ."

ಟರ್ಪಂಟೈನ್ ಬಟ್ಟೆಯ ವಿಷಯ ನಾನು ಅವರಿಗೆ ಹೇಳಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಅಕ್ಕಿ ತೊಳೆಯುತ್ತಿದ್ದವಳು ನಡುವೆ ಎದ್ದು ಕನ್ನಡಿಯ ಮುಂದೆ ನಿಲ್ಲುತ್ತಿದ್ದೆ. ನಿಂತರೆ ಸಮಾಧಾನವಿಲ್ಲ, ಬಿಟ್ಟು ಬಂದರೆ ಮತ್ತೂ ಇಲ್ಲ. ತರಗತಿಯಲ್ಲಿ ಬೋರ್ಡಿಗೆ ಮುಖ ಮಾಡಿದರೆ ಮಕ್ಕಳು ನನ್ನ ಕುತ್ತಿಗೆಯನ್ನು ನೋಡುತ್ತಿದ್ದಾರೆ ಅನಿಸುತ್ತಿತ್ತು, ತಿರುಗಿದರೆ ತುಟಿಯನ್ನು. ಕ್ಲಿನಿಕ್ಕಿನಲ್ಲಿ ಸುತ್ತಲೂ ಉದ್ದ ಟ್ಯೂಬ್‌ಲೈಟ್ ನಿಲ್ಲಿಸಿದ ಒಂದು ಡಬ್ಬಿಯೊಳಗೆ ಕಪ್ಪು ಕನ್ನಡಕ ಹಾಕಿ ನಿಲ್ಲಬೇಕಿತ್ತು. ಒಂದು ನಿಮಿಷಕ್ಕೂ ಕಡಿಮೆ. ಆ ಒಂದು ನಿಮಿಷವೂ ನನ್ನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಊರಿನವರು ಕಾರಣ ಹುಡುಕಿಯಾಗಿತ್ತು. ಮೀನು ತಿಂದ ಮೇಲೆ ಹಾಲು ಕುಡಿದದ್ದು. ಮಾರ್ಕೆಟ್ಟಿನಲ್ಲಿ ಆಯಿಯ ಪಕ್ಕದಲ್ಲಿ ಕೂರುವವಳೇ ಇದನ್ನು ಹೇಳಿದಳಂತೆ. "ನನ್ನ ಅಜ್ಜಿ, ನನ್ನ ಆಯಿ, ನಾನು, ಎಲ್ಲಾ ಮೀನು ತಿಂದೇ ಬೆಳದ್ದು. ಚಾ ಕುಡಿಲಿಲ್ವಾ ನಾವು?" ಎಂದು ಆಯಿ ಅಲ್ಲಿ ಜಗಳ ಮಾಡಿ ಬಂದರು. ಆದರೆ ಮನೆಗೆ ಬಂದ ಮೇಲೆ ಅವರೇ ನನ್ನ ಚಹಾಕ್ಕೆ ಹಾಲು ಹಾಕುವುದನ್ನು ನಿಲ್ಲಿಸಿದರು.

ನನ್ನ ಗಂಡ ದಿನೇಶ್ ಬಂದರಿನ ಬಳಿಯ ಐಸ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಮಾತು ಕಡಿಮೆ. ಕೆಲಸದಿಂದ ಬಂದು ಕೈ ತೊಳೆದು, ನನಗೆ ಕೈ ಎಟುಕದ ಬೆನ್ನಿಗೆ ಮುಲಾಮು ಹಚ್ಚುತ್ತಿದ್ದರು. ಬೆನ್ನಿನದು ಎಷ್ಟು ದೊಡ್ಡದು ಎಂದು ನಾನು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

ದಿನೇಶ್ ಅವರ ತಂಗಿ ಸುಜಾತಾಗೆ ಆಗ ಸಂಬಂಧ ನೋಡುತ್ತಿದ್ದರು. ಅವಳು ಕಾರವಾರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಾಳೆ. ನಾನು ಮದುವೆಯಾಗಿ ಬಂದಾಗ ಅವಳಿಗೆ ಹನ್ನೆರಡು. ಅವಳಿಗೆ ಜಡೆ ಹಾಕಿದ್ದು, ಸೀರೆ ಉಡಲು ಕಲಿಸಿದ್ದು ನಾನು.

ಒಂದು ಶುಕ್ರವಾರ ಆಯಿ ಅಡುಗೆಮನೆಗೆ ಬಂದು, ನಾನು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಜೋಡಿಸುತ್ತ ನಿಂತರು.

"ಆಯ್ತವಾರ ದೇವಬಾಗದವ್ರು ಸುಜಾತಾನ್ನ ನೋಡೂಕೆ ಬರ್ತ್ರು."

"ಒಳ್ಳೇದಾಯ್ತು. ಶೀರಾ ನಾ ಮಾಡ್ತೆ."

"ಅಲ್ಲ..." ಆಯಿ ಒಂದು ಲೋಟವನ್ನು ಬೋರಲು ಹಾಕಿದರು. "ನೀ ಒಂದು ದಿವ್ಸ ತಾಯಿಮನೆಗೆ ಹೋಗಿ ಬಾ. ಒಂದೇ ದಿವ್ಸ. ತಪ್ಪು ತಿಳ್ಕೋಬೇಡ ಮಾರಾಯ್ತಿ. ಜನ ಮೊದ್ಲು ನೋಡೂದೇ ಕಣ್ಣಿಗೆ ಕಂಡದ್ದನ್ನ."

ಆಯ್ತು ಎಂದೆ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ನನ್ನ ತಾಯಿಮನೆ ಅರ್ಗಾದ ಹತ್ತಿರ. ಆ ಸ್ಟಾಪಿನಲ್ಲಿ ಬಸ್ಸು ನಿಂತಿತು. ನಾನು ಏಳಲಿಲ್ಲ. ಇಳಿದಿದ್ದರೆ ಅಮ್ಮ ಯಾಕೆ ಬಂದೆ ಎಂದು ಕೇಳುತ್ತಿದ್ದಳು. ನಾನು ಹೇಳಬೇಕಾಗುತ್ತಿತ್ತು. ಅವಳು ಅಳುತ್ತಿದ್ದಳು, ಅವಳನ್ನು ಸಮಾಧಾನ ಮಾಡುವ ಕೆಲಸವೂ ನನ್ನ ಮೇಲೆ ಬೀಳುತ್ತಿತ್ತು. ಅಂಕೋಲೆಗೆ ಹೋದೆ. ಚಿತ್ರಕಲಾ ಕೋಣೆಯ ಬೀಗದ ಕೈ ಪರ್ಸಿನಲ್ಲಿತ್ತು.

ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಬಹಳ ಹೊತ್ತು ಮೇಜುಗಳ ನಡುವೆ ಸುಮ್ಮನೆ ಓಡಾಡಿದೆ. ಆಮೇಲೆ ಮೊಬೈಲನ್ನು ಬಣ್ಣದ ಪೆಟ್ಟಿಗೆಗೆ ಆನಿಸಿ ನಿಲ್ಲಿಸಿದೆ. ಸೆಲ್ಫಿ ಕ್ಯಾಮೆರಾಕ್ಕೆ ಟೈಮರ್ ಹಾಕಿದೆ. ರವಿಕೆ ತೆಗೆದು, ಬೆನ್ನು ತಿರುಗಿಸಿ ಕೂತೆ.

ಎದ್ದು ಫೋಟೊ ನೋಡಿದೆ.

ನನ್ನ ಬೆನ್ನನ್ನು ನಾನು ನೋಡಿದ್ದು ಅದೇ ಮೊದಲು. ಹೆಗಲೆಲುಬಿನ ಕೆಳಗೆ ಅಂಗೈಗಿಂತ ದೊಡ್ಡ ಬಿಳಿ. ಅದರ ಅಂಚು ಒಂದು ಕಡೆ ನಯ, ಇನ್ನೊಂದು ಕಡೆ ಹರಿದಂತೆ. ಬೆನ್ನುಮೂಳೆಯ ಮೇಲೆ ಸಣ್ಣ ಸಣ್ಣವು. ಅಳು ಬರುತ್ತದೆಂದು ಕಾದೆ. ಬರಲಿಲ್ಲ. ಕೈ ಪೆನ್ಸಿಲ್ ಹುಡುಕುತ್ತಿತ್ತು.

ಗೆರೆ ಹಾಕಿದ ಮೇಲೆ ಬಣ್ಣದ ಪ್ರಶ್ನೆ ಬಂತು. ಮಕ್ಕಳ ಕ್ರೇಯಾನ್ ಪೆಟ್ಟಿಗೆಯಲ್ಲಿ 'ಸ್ಕಿನ್ ಕಲರ್' ಎಂದು ಒಂದು ಕಡ್ಡಿ ಇರುತ್ತದೆ, ನಸುಗುಲಾಬಿ. ಇಷ್ಟು ವರ್ಷ ಆ ಹೆಸರನ್ನು ನಾನೂ ಪ್ರಶ್ನೆಯಿಲ್ಲದೆ ಹೇಳಿದ್ದೆ. ನನ್ನ ತರಗತಿಯ ಒಂದು ಮಗುವೂ ಆ ಬಣ್ಣದ್ದಲ್ಲ. ನಾನೂ ಅಲ್ಲ. ನನ್ನ ಬಣ್ಣ ಯಾವುದು ಎಂದು ಆ ದಿನ ತಟ್ಟೆಯಲ್ಲಿ ಕಲಸಿ ನೋಡಬೇಕಾಯಿತು. ಬರ್ಂಟ್ ಸಿಯೆನ್ನಾದ ಕೆಂಗಂದು, ಯೆಲ್ಲೊ ಓಕರ್‌ನ ಮಣ್ಣುಹಳದಿ, ಒಂದು ತೊಟ್ಟು ನೀಲಿ. ಹೆಗಲ ಮೇಲೆ ಒಂದು ಬಗೆ, ಪಕ್ಕೆಯಲ್ಲಿ ಇನ್ನೊಂದು. ಜಲವರ್ಣದಲ್ಲಿ ಬಿಳಿ ಹಚ್ಚುವ ಪದ್ಧತಿಯಿಲ್ಲ. ಬಿಳಿ ಬೇಕಾದಲ್ಲಿ ಕಾಗದವನ್ನು ಹಾಗೇ ಬಿಡುತ್ತೇವೆ. ಇದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. ನನ್ನ ಕಲೆಗಳ ಸುತ್ತಲೂ ಹಾಗೆಯೇ ಬಣ್ಣ ತಂದು ನಿಲ್ಲಿಸಿದೆ. ಎಷ್ಟೋ ತಿಂಗಳಲ್ಲಿ ಮೊದಲ ಸಲ ಆ ಬಿಳಿಯನ್ನು ಅಳಿಸಬೇಕು ಎಂದು ಅನಿಸದೆ ನೋಡುತ್ತಿದ್ದೆ. ಅದರ ಅಂಚು ಸರಿಯಾಗಿ ಬರಬೇಕು, ಅಷ್ಟೇ.

ಸಂಜೆ ಮನೆಗೆ ಬಂದಾಗ ಸಂಬಂಧ ಗಟ್ಟಿಯಾಗಿತ್ತು. ಸೊಸೆ ಎಲ್ಲಿ ಎಂದು ಅವರು ಕೇಳಿದರಂತೆ. ತಾಯಿಗೆ ಹುಷಾರಿಲ್ಲ, ಹೋಗಿದ್ದಾಳೆ ಎಂದು ಆಯಿ ಹೇಳಿದರಂತೆ. ಅಡುಗೆಮನೆಯಲ್ಲಿ ಒಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. "ಶೀರಾ. ನಿಂಗೆ ಅಂತ ಮೊದ್ಲೇ ತೆಗ್ದಿಟ್ಟದ್ದು," ಎಂದರು ಆಯಿ, ನನ್ನ ಮುಖ ನೋಡದೆ. ಬೇಡ ಅನ್ನಬೇಕೆಂದಿದ್ದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ತಿಂದೆ.

ಆಮೇಲೆ ಬರೆಯುತ್ತಲೇ ಹೋದೆ. ಕೈ. ಪಾದ. ಸೊಂಟದ ಗೆರೆ. ಅರ್ಧ ತುಟಿ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಬರೆದು, ಕಾಗದಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಹನ್ನೊಂದು ಚಿತ್ರಗಳಾದವು. ಒಂದು ಚಿತ್ರ ಮುಗಿಯುವುದರೊಳಗೆ ಮೈ ಸ್ವಲ್ಪ ಬದಲಾಗಿರುತ್ತಿತ್ತು. ಇದು ನಾನೇ ಎಂದು ಗೆರೆ ಹಾಕಿದ್ದು ಎರಡು ವಾರಕ್ಕೆ ನಾನಲ್ಲ. ಆ ಓಟ ನನ್ನನ್ನು ಸುಸ್ತು ಮಾಡುತ್ತಿತ್ತು, ಆದರೆ ಕನ್ನಡಿಯ ಮುಂದೆ ಸುಮ್ಮನೆ ನಿಲ್ಲುವ ಸುಸ್ತಿಗಿಂತ ಅದು ವಾಸಿ.

ಜಿಲ್ಲೆಯ ಚಿತ್ರಕಲಾ ಶಿಕ್ಷಕರು ಸೇರಿ ಕಾರವಾರದಲ್ಲಿ ಪ್ರದರ್ಶನ ಮಾಡುವುದೆಂದಾಯಿತು. ಒಬ್ಬೊಬ್ಬರದು ಎರಡು ಚಿತ್ರ. ಹಿಂದೆಲ್ಲ ನಾನು ದೋಣಿ ಕೊಡುತ್ತಿದ್ದೆ, ಸೂರ್ಯಾಸ್ತ ಕೊಡುತ್ತಿದ್ದೆ. ಈ ಸಲ ಕೈ ಮತ್ತು ಬೆನ್ನನ್ನು ಒಯ್ದೆ. ಮೇಲ್ವಿಚಾರಣೆಯ ನಾಯಕ ಸರ್ ನಮ್ಮೆಲ್ಲರಿಗಿಂತ ಹಿರಿಯರು, ಒಳ್ಳೆಯವರು. ಬೆನ್ನಿನ ಚಿತ್ರ ಬಿಚ್ಚಿದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಕ್ಕೋರೇ, ಕೆಲಸ ಚೆನ್ನಾಗಿದೆ. ಆದ್ರೆ... ತೆರೆದ ಬೆನ್ನು. ಅದೂ ನಿಮ್ಮದೇ ಅಂತ ಗೊತ್ತಾಗ್ತದೆ."

"ಗೊತ್ತಾಗ್ಲಿ ಅಂತ್ಲೇ ಬರ್ದದ್ದು ಸರ್."

ಅವರು ತಲೆಯಾಡಿಸಿ ತೆಗೆದಿಟ್ಟುಕೊಂಡರು.

ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದೆ. ದಿನೇಶ್ ತುತ್ತು ಕೈಯಲ್ಲಿ ಹಿಡಿದೇ ಕೇಳಿದರು: "ಬರಿ, ಯಾರು ಬೇಡ ಅಂದ್ರು? ಗೋಡೆಗೆ ಹಾಕೂದು ಎಂತಕ್ಕೆ?" ಸುಜಾತಾಳ ಕಣ್ಣು ತುಂಬಿತು.

"ವೈನಿ, ಅವ್ರ ಮನೆಯವ್ರೆಲ್ಲ ಕಾರವಾರಕ್ಕೆ ಬರೂದು ಹೋಗೂದು ಇದ್ದದ್ದೇ. ನೋಡಿದ್ರೆ ಎಂತಾ ಹೇಳೂದು? ಮದ್ವೆ ಒಂದು ಆಗ್ಲಿ. ಆಮೇಲೆ ಹಾಕು."

ನಾನು ಜಡೆ ಹಾಕಿದ ಹುಡುಗಿ. ನನಗೆ ಅವಳ ಮೇಲೆ ಸಿಟ್ಟು ಬಂತು, ಅವಳ ಹೆದರಿಕೆ ಅರ್ಥವೂ ಆಯಿತು. ಎರಡೂ ಒಟ್ಟಿಗೇ ಇರುತ್ತವೆ. ಮಾರನೆಯ ದಿನ ನಾಯಕ ಸರ್‌ಗೆ ಫೋನ್ ಮಾಡಿ ನನ್ನ ಚಿತ್ರ ಬೇಡ ಎಂದೆ.

ಆ ವಾರ ಕ್ಲಿನಿಕ್ಕಿಗೆ ಹೋಗಲಿಲ್ಲ. ಕಾಲಿನ ಮಣಿಗಂಟಿನಲ್ಲಿ ಹೊಸದೊಂದು ಬಂತು. ಉಗುರಿನಿಂದ ಕೆರೆಯುತ್ತಿದ್ದೇನೆ ಎಂದು ರಕ್ತ ಕಂಡ ಮೇಲೆ ಗೊತ್ತಾಯಿತು.

ನಾಲ್ಕು ದಿನ ಕಳೆದಿರಬೇಕು. ಸುಜಾತಾ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಅವ್ರಿಗೆ ಹೇಳ್ದೆ ವೈನಿ. ಎಲ್ಲಾ ಹೇಳ್ದೆ. ಅವ್ರು ನೋಡೂಕೆ ಬಂದ ಆಯ್ತವಾರ ನಿನ್ನ ಕಳ್ಸಿದ್ದೂ ಹೇಳ್ದೆ."

"ಎಂತಾ ಅಂದ ಹುಡ್ಗ?"

"ಎಂತದೂ ಹೇಳ್ಲಿಲ್ಲ. ಮೊನ್ನೆ ಹೇಳಿದ್ದು. ಆಮೇಲೆ ಫೋನೇ ಬರ್ಲಿಲ್ಲ."

ಅವಳ ಕೈ ತಣ್ಣಗಿತ್ತು. ನಾನು ಹಿಡಿದುಕೊಂಡೆ. ನನಗಾಗಿ ಅವಳು ಮಾಡಿದ್ದು ಎಂದು ಹೇಳಲಾರೆ; ಸುಳ್ಳಿನ ಮೇಲೆ ಕೂರುವುದು ಅವಳಿಗೂ ಆಗಲಿಲ್ಲ.

ಫೋನ್ ಮರುದಿನ ಸಂಜೆ ಬಂತು. ಹುಡುಗನ ತಾಯಿ ಆಯಿಗೆ ಮಾಡಿದ್ದು. ಆಯಿ ಬಂಗಡೆ ಕೊಯ್ಯುತ್ತಿದ್ದರು. ಕೈ ಒದ್ದೆ. ಸುಜಾತಾ ಸ್ಪೀಕರ್ ಹಾಕಿ ಹಿಡಿದಳು. ಹಾಗಾಗಿ ಎಲ್ಲರೂ ಕೇಳಿದೆವು.

"ನಮ್ಮ ಹುಡ್ಗ ಹೇಳ್ದ. ಮೊದ್ಲೇ ಹೇಳ್ಬೇಕಿತ್ತು ನೀವು. ಇರ್ಲಿ. ಸೊಸೆಗೆ ಆದದ್ದಲ್ವಾ? ನಿಮ್ಮ ರಕ್ತದಲ್ಲಿ ಇಲ್ವಲ್ಲ. ನಮ್ಗೆ ಅಡ್ಡಿಲ್ಲ."

ಸುಜಾತಾ ನೆಲದ ಮೇಲೆ ಕೂತುಬಿಟ್ಟಳು. ದಿನೇಶ್ ಉಸಿರು ಬಿಟ್ಟದ್ದು ಕೇಳಿಸಿತು. ಮನೆ ಹಗುರಾಯಿತು.

ನಾನು ಹೊರಗಿನ ರಕ್ತ. ಅದರಿಂದ ಎಲ್ಲರೂ ಪಾರಾದರು.

ಮೂಲೆಯಲ್ಲಿ ಪುಸ್ತಕ ಹರಡಿಕೊಂಡಿದ್ದ ನನ್ನ ಮಗಳು ಪೂರ್ವಿ ತಲೆಯೆತ್ತಿದಳು. ಅವಳಿಗೆ ಹದಿಮೂರು.

"ಅಮ್ಮನ ರಕ್ತ ನನ್ನಲ್ಲಿ ಇದ್ಯಲ್ಲ. ಹಂಗಾರೆ ನಂಗೆ?"

ಆಯಿಯ ಕೈಯ ಕತ್ತಿ ಮೀನಿನ ಮೇಲೆ ನಿಂತಿತ್ತು. ಡಾಕ್ಟರನ್ನು ನಾನು ಈ ಪ್ರಶ್ನೆ ಮೊದಲೇ ಕೇಳಿದ್ದೆ. ಬಹುತೇಕ ಮಕ್ಕಳಿಗೆ ಬರುವುದಿಲ್ಲ, ಬರುವುದೇ ಇಲ್ಲ ಎಂದು ಮಾತು ಕೊಡಲಾರೆ ಎಂದಿದ್ದರು. ಪೂರ್ವಿಗೂ ಅದನ್ನೇ ಹೇಳಿದೆ. ಕಡಿಮೆ ಮಾಡಲಿಲ್ಲ, ಹೆಚ್ಚು ಮಾಡಲಿಲ್ಲ. "ಬಂದ್ರೆ?" ಎಂದಳು. "ಬಂದ್ರೆ ನಂಗೆ ಹೇಳು. ಮುಚ್ಚಿಡ್ಬೇಡ," ಎಂದೆ. ಹೇಳುತ್ತಿರುವಾಗಲೇ, ಶಾಲೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಚಿತ್ರಗಳು ನೆನಪಾಗಿ ನಾಚಿಕೆಯಾಯಿತು.

ಬೆಳಿಗ್ಗೆ ನಾಯಕ ಸರ್‌ಗೆ ಮತ್ತೆ ಫೋನ್ ಮಾಡಿದೆ. ಅವರು ಚಿತ್ರಗಳನ್ನು ಹಿಂದೆ ಕಳಿಸಿರಲಿಲ್ಲ. "ನೀವು ಮತ್ತೆ ಮಾಡ್ತೀರಿ ಅಂತ ಗೊತ್ತಿತ್ತು," ಎಂದರು. ಆದರೂ ಬೆನ್ನನ್ನು ಕಂಬದ ಮರೆಯಲ್ಲೇ ತೂಗುಹಾಕಿದರು.

ಪ್ರದರ್ಶನ ಮೂರು ದಿನ. ನಾನು ಮೊದಲ ದಿನ ಪ್ರದರ್ಶನದ ಹಾಲ್‌ನೊಳಗೆ ಕೂರಲಾರದೆ ಮೆಟ್ಟಿಲು ಹತ್ತಿ ಇಳಿದು ಮಾಡಿದೆ. ಒಬ್ಬರು ಚಿತ್ರದ ಮುಂದೆ ನಿಂತು, "ಬಣ್ಣ ಮುಗಿಸಿಲ್ಲ ಅನಿಸ್ತದೆ," ಎಂದು ಪಕ್ಕದವರಿಗೆ ಹೇಳಿದರು. ಇಬ್ಬರು ಹುಡುಗಿಯರು ನಕ್ಕು ಬಾಯಿ ಮುಚ್ಚಿಕೊಂಡರು. ಒಬ್ಬ ಹೆಂಗಸು, ತಲೆಯಿಂದ ಗಲ್ಲದವರೆಗೆ ದುಪಟ್ಟಾ ಸುತ್ತಿಕೊಂಡವಳು, ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನೀವು ಯಾವ ಡಾಕ್ಟರ್ ಹತ್ರ ತೋರಿಸ್ತೀರಿ?" ಹೇಳಿದೆ. ಅವಳು ಬರೆದುಕೊಳ್ಳಲಿಲ್ಲ. ಎರಡು ಸಲ ಬಾಯಿಪಾಠ ಹೇಳಿಕೊಂಡು ಹೋದಳು.

ಎರಡನೆಯ ದಿನ ಮಧ್ಯಾಹ್ನ ಆಯಿ ಬಂದರು. ನಾನು ಕರೆದಿರಲಿಲ್ಲ. ನಿನ್ನ ಸೊಸೆ ತನ್ನ ಮೈ ಬರೆದು ಗೋಡೆಗೆ ಹಾಕಿದ್ದಾಳಂತೆ ಎಂದು ಮಾರ್ಕೆಟ್ಟಿನಲ್ಲಿ ಯಾರೋ ಹೇಳಿದ್ದರು. ಬುಟ್ಟಿಯನ್ನು ಹೊರಗಿಟ್ಟು, ಸೀರೆಗೆ ಕೈ ಒರೆಸಿ ಒಳಗೆ ಬಂದರು. ಎಲ್ಲರ ದೋಣಿಗಳನ್ನೂ ತೆಂಗಿನ ಮರಗಳನ್ನೂ ದಾಟಿ ನೇರ ಕಂಬದ ಹಿಂದೆ ಹೋದರು. ಬಹಳ ಹೊತ್ತು ನಿಂತರು. ನಾನು ನಾಲ್ಕು ಹೆಜ್ಜೆ ದೂರದಲ್ಲಿ, ಬೈಗುಳಕ್ಕೆ ಮೈ ಬಿಗಿಹಿಡಿದು ನಿಂತಿದ್ದೆ.

"ತಪ್ಪು ಬರ್ದೀಯೆ," ಎಂದರು.

"ಎಂತಾ?"

"ಮಚ್ಚೆ ಎಡಕ್ಕೆ ಬರ್ದೀಯೆ. ನಿನ್ನ ಮಚ್ಚೆ ಬಲಕ್ಕೆ. ಪೂರ್ವಿ ಹುಟ್ಟಿದಾಗ ನಲ್ವತ್ತು ದಿವ್ಸ ಈ ಬೆನ್ನಿಗೆ ಎಣ್ಣೆ ತಿಕ್ಕಿದ್ದು ನಾನು. ನಂಗೆ ಗೊತ್ತಿಲ್ವಾ?"

ನಾನು ಚಿತ್ರ ನೋಡಿದೆ. ಮೊಬೈಲ್ ತೆಗೆದು ಫೋಟೊ ನೋಡಿದೆ. ನನ್ನ ಮೊಬೈಲಿನ ಸೆಲ್ಫಿ ಕ್ಯಾಮೆರಾ ಕನ್ನಡಿಯಂತೆ ಎಡವನ್ನು ಬಲ ಮಾಡುತ್ತದೆ. ಮಚ್ಚೆ ಮಾತ್ರವಲ್ಲ, ದೊಡ್ಡ ಕಲೆಯೂ ತಿರುಗುಮುರುಗು. ಇಡೀ ಬೆನ್ನೇ ತಿರುಗುಮುರುಗು. ಇಷ್ಟು ತಿಂಗಳು ಇದು ನಾನೇ ಎಂದು ನಂಬಿ ಬರೆದದ್ದರಲ್ಲಿ ಎಡಬಲವೇ ಅದಲುಬದಲಾಗಿತ್ತು. ನಾಯಕ ಸರ್‌ಗೆ ಗೊತ್ತಾಗಲಿಲ್ಲ, ಮುಲಾಮು ಹಚ್ಚುವ ದಿನೇಶ್ ಚಿತ್ರವನ್ನು ನೋಡಿಯೇ ಇರಲಿಲ್ಲ. ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು, ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಆಯಿ ನನ್ನ ಅಳು ಮುಗಿಯುವವರೆಗೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕ್ಷಮೆ ಕೇಳಲಿಲ್ಲ. "ಬುಟ್ಟಿ ಬಿಸಿಲಲ್ಲಿ ಇದೆ," ಎಂದು ಎದ್ದು ಹೋದರು.

ಈಗ ಹೇಗಿದೆ ಎಂದು ಕೇಳುವವರಿಗೆ ಹೇಳುತ್ತೇನೆ. ರೆಪ್ಪೆಯ ಮೇಲೆ ಕಂದು ಚುಕ್ಕೆಗಳು ಮರಳಿ ಬಂದು ಒಂದಕ್ಕೊಂದು ಕೂಡುತ್ತಿವೆ. ತುಟಿಯದು ಅರ್ಧ ತುಂಬಿದೆ. ಬೆರಳುಗಳು ಡಾಕ್ಟರ್ ಹೇಳಿದಂತೆಯೇ ಹಟ ಹಿಡಿದಿವೆ. ಕಾಲಿನದು ಬೆಳೆಯುತ್ತಿದೆ. ಸುಜಾತಾಳ ಮದುವೆ ಆಯಿತು. ಅರ್ಧ ತೋಳಿನ ರವಿಕೆ ತೊಟ್ಟು ಎಲ್ಲರ ನಡುವೆ ಓಡಾಡಿದೆ. ಕೆಲವರು ನನ್ನ ಕೈಯಿಂದ ಪಾನಕ ತೆಗೆದುಕೊಂಡರು, ಕೆಲವರು ಬಾಯಾರಿಕೆಯಿಲ್ಲ ಎಂದರು. ಕನ್ನಡಿಯ ಮುಂದೆ ಈಗಲೂ ನಿಲ್ಲುತ್ತೇನೆ. ಕಡಿಮೆ ಹೊತ್ತು. ಪೂರ್ವಿಯ ಕೈಯನ್ನು ಅವಳಿಗೆ ತಿಳಿಯದಂತೆ ನೋಡುತ್ತೇನೆ, ಅದನ್ನು ಬಿಡಲು ಆಗಿಲ್ಲ.

ಕಳೆದ ಭಾನುವಾರ ಬೆನ್ನನ್ನು ಮತ್ತೆ ಬರೆಯಲು ಕೂತೆ. ಮನೆಯಲ್ಲೇ, ಹಿಂದಿನ ಜಗಲಿಯಲ್ಲಿ. ಮೊಬೈಲ್ ಬೇಡ ಎಂದು ಆಯಿ ತಾವೇ ನನ್ನ ಹಿಂದೆ ಮಣೆ ಹಾಕಿ ಕೂತರು. ಅವರು ಹೇಳುತ್ತ ಹೋದರು, ನಾನು ಗೆರೆ ಹಾಕುತ್ತ ಹೋದೆ. "ಮಚ್ಚೆ ಇಲ್ಲಿ. ಅದ್ರಿಂದ ನಾಲ್ಕು ಬೆರಳು ಕೆಳ್ಗೆ ದೊಡ್ಡದು ಸುರು ಆಗ್ತದೆ. ಹಿಂಗೆ ಬಂದು, ಹಿಂಗೆ ತಿರುಗ್ತದೆ."

ಹೇಳುವಾಗ ಅವರ ಬೆರಳು ನನ್ನ ಬೆನ್ನಿನ ಮೇಲೆ ಓಡುತ್ತಿತ್ತು. ಒರಟು ಬೆರಳು. ಕಂದಿನಿಂದ ಬಿಳಿಗೆ ಬಂತು, ನಿಲ್ಲಲಿಲ್ಲ, ಬಿಳಿಯ ಅಂಚಿನುದ್ದಕ್ಕೂ ಹೋಗಿ ಮತ್ತೆ ಕಂದಿಗೆ ಇಳಿಯಿತು.

"ಸಣ್ಣ ಆಗಿದೆ ಇದು, ಮೊದ್ಲಿಗಿಂತ," ಎಂದರು.

ನಿಜವೋ, ನನಗೆ ಹೇಳಿದ್ದೋ, ತಿಳಿಯದು. ನನ್ನ ಕಣ್ಣಿಗೆ ಎಟುಕುವ ಜಾಗವಲ್ಲ ಅದು. ರಬ್ಬರ್ ತೆಗೆದುಕೊಂಡು, ಅವರು ಹೇಳಿದಷ್ಟು ಗೆರೆಯನ್ನು ಒಳಕ್ಕೆ ತಂದೆ.